ನೋಡುವುದಕ್ಕಷ್ಟೇ ಒಂದು ತೋಟ

ಮದುವೆಯಾಗಿ ಶಿಡ್ಲಘಟ್ಟದ ಸೀಮೆಗೆ ಬಂದ ದಿನದಿಂದ ಮುನಿಲಕ್ಷ್ಮಿಗೆ ಗಿಡವೆಂದರೆ ಸೊಪ್ಪು, ಸೊಪ್ಪೆಂದರೆ ಹುಳದ ಊಟ. ಅವಳ ತವರು ಗೌರಿಬಿದನೂರಿನ ಕಡೆ. ಅಲ್ಲಿ ಅಪ್ಪ ಜೋಳ, ಕಡಲೆಕಾಯಿ ಬೆಳೆಯುತ್ತಿದ್ದರು. ಮಳೆ ಬಂದರೆ ಮೈಮುರಿಯುವ ಕೆಲಸ, ಬರದಿದ್ದರೆ ಜಗಲಿಯ ಮೇಲೆ ಕೂತು ಮಾತು. ರೇಷ್ಮೆ ಹುಳವನ್ನು ಅವಳು ಮೊದಲು ಕಂಡದ್ದು ಗಂಡನ ಮನೆಯ ಹಿಂದಿದ್ದ ಹುಳದ ಮನೆಯಲ್ಲಿ. ಬಿದಿರಿನ ತಟ್ಟೆಗಳ ತುಂಬ ಬೆಳ್ಳಗೆ, ತಣ್ಣಗೆ, ಒಂದರ ಮೇಲೊಂದು ಹರಿದಾಡುತ್ತಿದ್ದ ಹುಳಗಳನ್ನು ನೋಡಿ ಹೊಸ ಮದುಮಗಳು ಬಾಗಿಲ ಕಡೆ ಮುಖ ತಿರುಗಿಸಿದಳು. ಅತ್ತೆ ಪೆದ್ದಮ್ಮ ಸೊಪ್ಪಿನ ಮಂಕರಿಯನ್ನು ಅವಳ ಕೈಗಿಟ್ಟು, "ಮುಖ ತಿರುಗಿಸ್ಬೇಡಮ್ಮ, ಇನ್ಮೇಲೆ ಇವೂ ನಿನ್ ಮಕ್ಳೇ" ಅಂದಿದ್ದಳು.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಹುಳ ಹಬ್ಬ ಹರಿದಿನ ನೋಡುವುದಿಲ್ಲ. ಬೆಳಿಗ್ಗೆ ಕೇಳುತ್ತದೆ, ಮಧ್ಯಾಹ್ನ ಕೇಳುತ್ತದೆ, ಜನ ಉಂಡು ಮಲಗುವ ಹೊತ್ತಿಗೆ ಮತ್ತೆ ಕೇಳುತ್ತದೆ. ಪೊರೆ ಬಿಡುವಾಗ ಮಾತ್ರ ತಲೆಯೆತ್ತಿ ಸುಮ್ಮನಿರುತ್ತದೆ. ಆ ಸೀಮೆಯವರು ಅದಕ್ಕೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದಾಗಲೇ ಮನೆಯ ಹೆಂಗಸರಿಗೆ ಬಿಡುವು. ನಾಲ್ಕನೇ ಜ್ವರ ಎದ್ದ ಮೇಲಂತೂ ಅದರ ಹಸಿವಿಗೆ ತಳವೇ ಇಲ್ಲ. ಕಡೆಗೆ ಹುಳ ಹಣ್ಣಾಗಿ, ಮೈ ತಿಳಿಹಳದಿಗೆ ತಿರುಗಿದಾಗ, ಅದನ್ನು ಒಂದೊಂದಾಗಿ ಆರಿಸಿ, ಬಿದಿರುಪಟ್ಟಿಯನ್ನು ಸುತ್ತುಸುತ್ತಾಗಿ ಹೆಣೆದ ಚಂದ್ರಿಕೆಗೆ ಬಿಟ್ಟರೆ ಅದು ಗೂಡು ಕಟ್ಟಿಕೊಳ್ಳುತ್ತದೆ. ಗೂಡು ಮಾರುಕಟ್ಟೆಗೆ ಹೋದರೆ ಮನೆ ತೊಳೆದು, ಸುಣ್ಣ ಬಳಿದು, ಬ್ಲೀಚಿಂಗ್ ಪುಡಿ ಎರಚಿ, ಮತ್ತೆ ಮೊದಲಿನಿಂದ.

ಮುನಿಲಕ್ಷ್ಮಿಯ ಬದುಕಿನ ಎಲ್ಲ ಘಟನೆಗಳ ಪಕ್ಕದಲ್ಲೂ ಹುಳ ಇತ್ತು. ಮಗ ಜಗನ್ ಹುಟ್ಟಿದಾಗ ಎರಡನೇ ಜ್ವರ. ತಮ್ಮನ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೂ ನಿಲ್ಲದೆ ವಾಪಸು. ತಾಯಿ ತೀರಿಕೊಂಡ ಸುದ್ದಿ ಬಂದಾಗ ಹುಳ ಹಣ್ಣಾಗಿತ್ತು. ಆರಿಸದೆ ಬಿಟ್ಟರೆ ಅಷ್ಟೂ ಬೆಳೆ ಹಾಳು. ಆರಿಸಿ ಮುಗಿಸಿ, ಬಸ್ಸು ಹಿಡಿದು ತವರಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿ ಬಂದ ಗಂಡಸರು ಬಾವಿಯ ಬಳಿ ಸ್ನಾನ ಮಾಡುತ್ತಿದ್ದರು. ಯಾರೂ ಅವಳನ್ನು ಒಂದು ಮಾತೂ ಅನ್ನಲಿಲ್ಲ. ರೇಷ್ಮೆ ಮನೆಗೆ ಹೆಣ್ಣು ಕೊಟ್ಟವರಿಗೆ ಅದೆಲ್ಲ ಗೊತ್ತಿದ್ದದ್ದೇ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ವರ್ಷ ಅನ್ನಿಸುತ್ತಿತ್ತು.

ಐವತ್ತು ದಾಟಿದ ಮೇಲೆ ಅವಳಿಗೆ ದಮ್ಮು ಶುರುವಾಯಿತು. ಹುಳದ ಮನೆಯ ಬಾಗಿಲು ತೆಗೆದರೆ ಸಾಕು, ಎದೆ ಬಿಗಿಯುತ್ತಿತ್ತು. ಮೊದಮೊದಲು ಸೆರಗನ್ನು ಮೂಗಿಗೆ ಕಟ್ಟಿಕೊಂಡಳು. ಆಮೇಲೆ ಸೊಸೆ ಯಾಮಿನಿ ಮಾಸ್ಕ್ ತಂದುಕೊಟ್ಟಳು. ಒಂದು ಸಂಜೆ ಚಂದ್ರಿಕೆ ಎತ್ತಿಡುತ್ತಿದ್ದವಳು ಅಲ್ಲೇ ಕುಸಿದು ಕೂತಾಗ, ಗಂಡ ಆಂಜನಪ್ಪ ಅವಳನ್ನು ಕಾರಿನಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದ. ಡಾಕ್ಟರು ಎಲ್ಲ ಕೇಳಿ, "ಹುಳದ ಧೂಳು ಇವರಿಗೆ ಆಗಲ್ಲ. ಇನ್ನು ಆ ಕೋಣೆಯೊಳಗೆ ಕಾಲಿಡಬಾರದು" ಅಂದರು.

ಆಂಜನಪ್ಪ ಒಳ್ಳೆಯವನೇ. ಹೆಂಡತಿಯಿಲ್ಲದೆ ಹುಳ ಸಾಕುವುದು ತನ್ನಿಂದಾಗದು ಎಂಬುದೂ ಅವನಿಗೆ ಗೊತ್ತಿತ್ತು. ಹೊಲದ ಅರ್ಧ ಭಾಗಕ್ಕೆ ಜೋಳ ಹಾಕಿದ, ಇನ್ನರ್ಧವನ್ನು ಗುತ್ತಿಗೆಗೆ ಕೊಟ್ಟ. ಮನೆಯ ಮುಂದಿದ್ದ ಹಿಪ್ಪುನೇರಳೆಯನ್ನು ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದ. ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡಿದಳು. ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಬೇರುಗಳು ಮೇಲೆ ಬಂದು ಬಿದ್ದಾಗ, "ಅಷ್ಟು ಆಳಕ್ಕೆ ಹೋಗಿದ್ವಾ" ಎಂದಷ್ಟೇ ಅಂದಳು.

ಮನೆ ಮುಂದೆ ಕೆಂಪು ಮಣ್ಣು ಬಯಲಾಗಿ ಬಿತ್ತು. ಅಲ್ಲಿ ಏನು ಹಾಕಬೇಕೆಂದು ಊರಿನವರೆಲ್ಲ ಒಂದೊಂದು ಹೇಳಿದರು. ಆಂಜನಪ್ಪನಿಗೆ ತೆಂಗು, ನುಗ್ಗೆ, ನಿಂಬೆ ಹಾಕುವ ಮನಸ್ಸು. ಬದುವಿನ ಆಚೆಯ ತೋಟ ಅವನ ತಮ್ಮ ಮುನಿಶಾಮಪ್ಪನದು. ಆ ಮನೆಯವರು ಇನ್ನೂ ಹುಳ ಸಾಕುತ್ತಿದ್ದರು. ಮುನಿಶಾಮಪ್ಪನ ಹೆಂಡತಿ ವರಲಕ್ಷ್ಮಮ್ಮ, "ಅಕ್ಕಾ, ಸೊಪ್ಪೇ ಇನ್ನೊಂದ್ ಸಲ ನಾಟಿ ಮಾಡ್ಸು. ನಾವೇ ಕೊಯ್ಕೊತೀವಿ" ಅಂದಳು.

ಮುನಿಲಕ್ಷ್ಮಿ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಒಂದು ಬೆಳಿಗ್ಗೆ ಗಂಡನಿಗೆ ಕಾಫಿ ಕೊಡುತ್ತಾ ಹೇಳಿದಳು: "ಕೀಳೋ ಅಂಥದ್ದು ಏನೂ ಬೇಡ."

"ಅಂದ್ರೆ?"

"ಕಾಯಿ ಕೀಳೋದು, ಸೊಪ್ಪು ಕೊಯ್ಯೋದು, ಬುಟ್ಟಿ ತುಂಬೋದು, ಏನೂ ಬೇಡ. ನೋಡೋಕಷ್ಟೇ ಇರ್ಲಿ."

ಆಂಜನಪ್ಪ ನಕ್ಕ. ಅವಳು ನಗಲಿಲ್ಲ. ಮದುವೆಯಾದಾಗಿನಿಂದ ಅವಳು ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅವನ ನೆನಪಿನಲ್ಲಿರಲಿಲ್ಲ. ಕಾಫಿ ಕುಡಿದು ಮುಗಿಸಿ, "ಸರಿ, ನೋಡಣ" ಅಂದ.

ಕಳವಾರದ ಬಳಿ, ಸ್ಕಂದಗಿರಿಯ ಬುಡದಲ್ಲಿ, ವೆಂಕಟರವಣಪ್ಪ ಎಂಬ ದೂರದ ನೆಂಟನ ನರ್ಸರಿ ಇತ್ತು. ಬೆಟ್ಟ ಹತ್ತಿ ಇಳಿದು ಬರುವ ಬೆಂಗಳೂರಿನ ಜನ ಅಲ್ಲಿ ಕಾರು ನಿಲ್ಲಿಸಿ ಗಿಡ ಕೊಳ್ಳುತ್ತಿದ್ದರು. ಯಾಮಿನಿ ಶಿಡ್ಲಘಟ್ಟದಲ್ಲಿ ಸರ್ಕಾರಿ ಶಾಲೆಯ ಟೀಚರ್. ಭಾನುವಾರ ರಜೆ ಇದ್ದುದರಿಂದ ಅವಳೂ ಜೊತೆಗೆ ಹೊರಟಳು. ವೆಂಕಟರವಣಪ್ಪ ಹಸಿರು ನೆಟ್ಟಿನ ಕೆಳಗೆ ಅವರನ್ನು ನಡೆಸಿಕೊಂಡು ಹೋಗುತ್ತಾ, ರೂಢಿಯಂತೆ ಕರಿಬೇವು, ಸಪೋಟ, ಸೀಬೆಯಿಂದ ಶುರು ಮಾಡಿದ.

"ಏನೂ ಬಿಡದೇ ಇರೋ ಗಿಡ ಇದ್ರೆ ತೋರ್ಸಪ್ಪ" ಅಂದಳು ಮುನಿಲಕ್ಷ್ಮಿ.

ವೆಂಕಟರವಣಪ್ಪ ಆಂಜನಪ್ಪನ ಮುಖ ನೋಡಿದ. ಆಂಜನಪ್ಪ ಬೆಟ್ಟದ ಕಡೆ ನೋಡಿದ.

"ಹೂವಿನ ಗಿಡ ಆದೀತಾ ಅತ್ತಿಗೆ? ಮಲ್ಲಿಗೆ ಐತೆ, ಒಳ್ಳೇ ಜಾತಿ."

"ಮಲ್ಲಿಗೆ ಬೇಡ. ದಿನಾ ಸಾಯಂಕಾಲ ಬಿಡಿಸ್ಬೇಕು, ಕೂತ್ಕೊಂಡು ಕಟ್ಬೇಕು. ಬಿಡಿಸ್ದೆ ಬಿಟ್ರೆ ನೋಡ್ದೋರು ಬೈತಾರೆ."

"ಸಂಪಿಗೆ?"

"ಅದಕ್ಕೆ ದೋಟಿ ಹಿಡ್ಕೊಂಡು ಬರ್ತಾರೆ ಊರೋರೆಲ್ಲ."

ಕನಕಾಂಬರ, ಕಾಕಡ, ಸೇವಂತಿಗೆ ಎಲ್ಲ ಹಾಗೇ ಹೋದವು. ಯಾಮಿನಿಗೆ ಮೊದಲು ನಗು ಬಂತು. ಅತ್ತೆ ತಮಾಷೆ ಮಾಡುತ್ತಿಲ್ಲ, ಪ್ರತಿ ಗಿಡದ ಮುಂದೆಯೂ ನಿಂತು ಅದು ತನ್ನ ಕೈಯಿಂದ ದಿನಕ್ಕೆ ಎಷ್ಟು ಹೊತ್ತು ಕೇಳುತ್ತದೆ ಎಂದು ಯೋಚಿಸುತ್ತಿದ್ದಾಳೆ ಎಂದು ಹೊಳೆದ ಮೇಲೆ ಅವಳು ನಗುವುದನ್ನು ನಿಲ್ಲಿಸಿದಳು.

ಹೀಗೆ ಬೇಡ ಬೇಡ ಅನ್ನುತ್ತಲೇ ಕೆಲವು ಉಳಿದವು. ಮರಕ್ಕೆ ಕಕ್ಕೆ ಆಯಿತು. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಹಳದಿ ಹೂವಿನ ಗೊಂಚಲು ಇಳಿಬಿಡುವ ಮರ. ತವರಿಗೆ ಹೋಗುವ ಬಸ್ಸಿನ ಹಾದಿಯಲ್ಲಿ ಅವಳು ಅದನ್ನು ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಳು, ಹೆಸರು ಕೇಳಿರಲಿಲ್ಲ. ಅದರ ಜೊತೆಗೆ ನೇರಳೆ ಹೂವಿನ ಹೊಳೆದಾಸವಾಳದ ಮರ ಒಂದು. ಪೊದೆಗೆ ರತ್ನಗಂಧಿ, ಗಂಟೆಯಂಥ ಹಳದಿ ಹೂವಿನ ಟೆಕೋಮಾ, ಆಕಾಶದ ಬಣ್ಣದ ಪ್ಲಂಬಾಗೊ. ಆಂಜನಪ್ಪನ ಆಸೆಗೆಂದು ಬಾಗಿಲ ಮುಂದೆ ಹಾಸಲು ಸ್ವಲ್ಪ ಲಾನ್. ಯಾಮಿನಿಯ ಆಸೆಗೆ ಎರಡು ಗುಲಾಬಿ.

ನೆಟ್ಟಿನ ಕೊನೆಯಲ್ಲಿ, ಬಿಸಿಲಿಗೆ ಇಟ್ಟಿದ್ದ ಒಂದು ಸಾಲು ಕುಂಡಗಳ ಮುಂದೆ ಮುನಿಲಕ್ಷ್ಮಿ ನಿಂತುಬಿಟ್ಟಳು. ಕಡುಗೆಂಪು ಬಣ್ಣದ ಉದ್ದನೆಯ ಹುಲ್ಲು. ತುದಿಯಲ್ಲಿ ನರಿಬಾಲದಂಥ ಮೆತ್ತನೆಯ ತೆನೆ. ಗಾಳಿ ಬಂದಾಗ ಅಷ್ಟೂ ಒಂದೇ ಕಡೆ ಬಾಗಿ, ಮತ್ತೆ ನಿಧಾನಕ್ಕೆ ಎದ್ದು ನಿಲ್ಲುತ್ತಿತ್ತು.

"ಇದು?"

"ಅಲಂಕಾರದ ಹುಲ್ಲು ಅತ್ತಿಗೆ. ರೆಸಾರ್ಟ್‌ನೋರು ಜಾಸ್ತಿ ತಗೊಂಡೋಗ್ತಾರೆ. ವರ್ಷಕ್ಕೊಂದ್ ಸಲ ಬುಡದವರೆಗೂ ಕತ್ತರಿಸಿಬಿಟ್ರೆ ಸಾಕು, ಮತ್ತೆ ಚಿಗುರುತ್ತೆ."

"ದನ ತಿಂತವಾ?"

"ದನ ಬಂದ್ರೆ ತಿಂದೇ ತಿಂತವೆ. ಅದೊಂದು ನೋಡ್ಕೊಬೇಕು."

ಆಂಜನಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಅಲ್ಲ ಕಣೇ, ಜೀವಮಾನವೆಲ್ಲ ಹುಲ್ಲು ಕಿತ್ತು ಕಿತ್ತು ಬದುವಿಗೆ ಹಾಕಿದ್ದೀಯ. ಈಗ ಅದನ್ನೇ ಕಾರಲ್ಲಿ ಕೂರಿಸ್ಕೊಂಡು ಹೋಗಣ ಅಂತೀಯಾ? ಊರಲ್ಲಿ ಏನಂತಾರೆ?"

"ಅನ್ಲಿ" ಅಂದಳು ಮುನಿಲಕ್ಷ್ಮಿ.

ಹೊರಡುವಾಗ ಬಾಗಿಲ ಬಳಿ ದಾಸವಾಳ ಕಂಡಿತು. ಊರಲ್ಲಿರುವ ಕೆಂಪು ಒಂಟಿ ದಾಸವಾಳವಲ್ಲ. ಅಂಗೈಯಗಲದ, ಪದರು ಪದರಿನ ಹೂ. ಒಂದಕ್ಕೆ ಮಾಗಿದ ಪಪ್ಪಾಯಿಯ ಬಣ್ಣ, ಒಂದಕ್ಕೆ ಕೆನೆಯ ಬಣ್ಣ, ಗರ್ಭದಲ್ಲಿ ರಕ್ತಗೆಂಪು. ಸಂಜೆಗೆ ತಾನೇ ಮುದುಡಿ ಬೀಳುತ್ತದೆ, ಕೀಳಬೇಕಾಗಿಲ್ಲ. ಅಷ್ಟು ಸಾಕಾಯಿತು. ಐದು ಗಿಡ ಆರಿಸಿ ತನ್ನ ಕಾಲ ಬಳಿಯೇ ಇಟ್ಟುಕೊಂಡು ಕಾರಿನಲ್ಲಿ ಕೂತಳು.

ಗಿಡ ನೆಡುವ ದಿನ ಒಂದು ವಿಚಿತ್ರ ನಡೆಯಿತು. ಮುನಿಲಕ್ಷ್ಮಿ ಬೆಳಿಗ್ಗೆಯೇ ಎದ್ದು, ಹಗ್ಗ ಹಿಡಿದು, ಗುಂಡಿ ತೋಡಿಸಿ, ಅಷ್ಟನ್ನೂ ನೆಡಿಸಿದಳು. ಯಾಮಿನಿ ಶಾಲೆಯಿಂದ ಬಂದು ಸ್ಕೂಟರ್ ನಿಲ್ಲಿಸಿ ನೋಡುತ್ತಾಳೆ: ಕಕ್ಕೆ, ಗುಲಾಬಿ, ಹುಲ್ಲು, ದಾಸವಾಳ ಎಲ್ಲವೂ ಸಾಲು ಸಾಲಾಗಿ, ಒಂದೇ ಅಂತರದಲ್ಲಿ, ಹಿಪ್ಪುನೇರಳೆ ಇದ್ದ ಹಾಗೆಯೇ ನಿಂತಿವೆ.

"ಅತ್ತಮ್ಮ, ಸ್ಕೂಲಲ್ಲಿ ಪ್ರೇಯರ್‌ಗೆ ನಿಲ್ಲಿಸ್ದಂಗೆ ನಿಲ್ಲಿಸಿದ್ದೀರಲ್ಲ!"

ಮುನಿಲಕ್ಷ್ಮಿ ತಿರುಗಿ ನೋಡಿದಳು. ಬೆಳಗಿನಿಂದ ಕಾಣದಿದ್ದದ್ದು ಆಗ ಕಂಡಿತು. ಜಗಲಿಯ ಮೇಲೆ ಕೂತು ಸೊಂಟ ಹಿಡಿದುಕೊಂಡು, "ನನ್ ಕೈಗೆ ಇನ್ನೇನೂ ಬರಲ್ಲ ಕಣಮ್ಮ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮರುದಿನ ಇಬ್ಬರೂ ಸೇರಿ ಗಿಡಗಳನ್ನು ಮಣ್ಣಿನ ಹೆಂಟೆಸಮೇತ ಎತ್ತಿ ಮತ್ತೆ ನೆಟ್ಟರು. ಮರ ಎರಡು ಹಿಂದಕ್ಕೆ, ಅವುಗಳ ಮುಂದೆ ಪೊದೆ, ದಾಸವಾಳ ಐದೂ ಬದುವಿನ ಪಕ್ಕದಲ್ಲಿ ಬಿಸಿಲಿಗೆ, ಹುಲ್ಲು ಒಂದೇ ಗುಂಪಾಗಿ ಅಂಗಳದ ಕಲ್ಲುಬೆಂಚಿನ ಸುತ್ತ. ಹಳೆಯ ಡ್ರಿಪ್ ಪೈಪುಗಳನ್ನೇ ಆಂಜನಪ್ಪ ಕತ್ತರಿಸಿ ಜೋಡಿಸಿಕೊಟ್ಟ.

ಕಾರ್ತಿಕದ ಹೊತ್ತಿಗೆ ದಾಸವಾಳ ಮೈತುಂಬ ಹೂ ಬಿಟ್ಟಿತು. ಮುನಿಲಕ್ಷ್ಮಿ ಕೆಲಸ ಮುಗಿಸಿ ಬೆಂಚಿನ ಮೇಲೆ ಕೂರುತ್ತಿದ್ದಳು. ಮೊದಮೊದಲು ಕೂರುವುದೂ ಕಷ್ಟವಾಗಿತ್ತು. ಕೂತ ಸ್ವಲ್ಪ ಹೊತ್ತಿಗೇ ಏನೋ ಮರೆತೆನೆಂದು ಕಾಲು ತಾನಾಗಿ ಎದ್ದುಬಿಡುತ್ತಿತ್ತು. ಹುಳದ ಮನೆಯಲ್ಲಿ ಈಗ ಒಡೆದ ಕುರ್ಚಿ, ಜೋಳದ ಮೂಟೆ ತುಂಬಿದ್ದವು. ಆದರೂ ಅವಳ ಕಿವಿ ಆ ಕಡೆಗೇ ಇರುತ್ತಿತ್ತು. ಬರಬರುತ್ತಾ ಹಾಗಾಗುವುದು ಕಡಿಮೆಯಾಯಿತು. ಅರಳಿದ ದಾಸವಾಳ ಸಂಜೆಗೆ ಸುರುಳಿ ಸುತ್ತಿಕೊಳ್ಳುವುದನ್ನು ಅವಳು ಪೂರ್ತಿ ಕೂತು ನೋಡಿದ್ದೂ ಉಂಟು. ಬದುವಿನ ಆಚೆ ವರಲಕ್ಷ್ಮಮ್ಮ ಸೊಪ್ಪಿನ ಹೊರೆ ಹೊತ್ತು ಹೋಗುವಾಗ, "ಮಹಾರಾಣಿ ಆಗ್ಬಿಟ್ಯಕ್ಕ ನೀನು" ಅನ್ನುತ್ತಿದ್ದಳು. ಅದು ತಮಾಷೆಯೇ. ಆದರೂ ಮುನಿಲಕ್ಷ್ಮಿ ಅವಳು ಮರೆಯಾಗುವ ತನಕ ಎದ್ದು ನಿಲ್ಲುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಬೆಳಿಗ್ಗೆ ವರಲಕ್ಷ್ಮಮ್ಮ ಬದು ದಾಟಿ ನೇರ ಅಂಗಳಕ್ಕೆ ಬಂದಳು. ಕೈಯಲ್ಲಿ ಹಿಪ್ಪುನೇರಳೆಯ ನಾಲ್ಕು ರೆಂಬೆ. ಅವುಗಳ ತುದಿಯೆಲ್ಲ ಮುದುಡಿ, ಎಲೆ ಕಪ್ಪುಹಸಿರಾಗಿ ಸುಕ್ಕುಗಟ್ಟಿ, ಕೋಳಿಯ ಕಾಲಿನಂತೆ ಮುರುಟಿಕೊಂಡಿತ್ತು.

"ನೋಡಕ್ಕ. ತುದಿಯೆಲ್ಲ ಹಿಂಗೇ ಆಗೈತೆ. ಹುಳ ಮೂರನೇ ಜ್ವರ ಎದ್ದೈತೆ. ಏನ್ ಹಾಕ್ಲಿ ಅದಕ್ಕೆ?"

ಮುನಿಲಕ್ಷ್ಮಿ ಒಂದು ರೆಂಬೆ ತೆಗೆದುಕೊಂಡು ಮುದುಡಿದ ಎಲೆಯನ್ನು ಬಿಡಿಸಿದಳು. ಒಳಗೆ ಹಿಟ್ಟು ಚೆಲ್ಲಿದಂತೆ ಬಿಳಿ ತಿಗಣೆ. ತುಕ್ರ ರೋಗ. ಹಿಪ್ಪುನೇರಳೆ ಬೆಳೆದವರಿಗೆ ಅದರ ಪರಿಚಯ ಬೇಕಾಗಿರಲಿಲ್ಲ.

"ನಿನ್ ತೋಟದ ಪಕ್ಕದ ಸಾಲಲ್ಲೇ ಜಾಸ್ತಿ" ಅಂದಳು ವರಲಕ್ಷ್ಮಮ್ಮ. "ನಿಂಗೆ ದಮ್ಮು ಬಂತು, ಬಿಟ್ಟೆ. ಸರಿ, ಬೇಡ ಅನ್ನಲ್ಲ. ನಾವ್ ಬಿಟ್ಟಿಲ್ವಲ್ಲಕ್ಕಾ."

ಆಂಜನಪ್ಪ ಒಳಗಿನಿಂದ ಬಂದ. "ಏನ್ ವರಲಕ್ಷ್ಮಿ ನೀನು ಹೇಳೋದು? ಗಾಳೀಲಿ ಎಲ್ಲಿಂದಲೋ ಬಂದಿರುತ್ತೆ. ಬೇಸಿಗೇಲಿ ಇದು ಬರೋದೇ. ಅದಕ್ಕೂ ಇವ್ಳ ಹೂವಿನ ಗಿಡಕ್ಕೂ ಏನ್ ಸಂಬಂಧ?"

"ನಂಗೊತ್ತಿಲ್ಲ ಭಾವ. ಚಾಲು, ಚಾಲು" ಎಂದು ತನ್ನ ಚಿಂತಾಮಣಿ ಕಡೆಯ ತೆಲುಗಿನಲ್ಲೇ 'ಸಾಕು' ಅಂದು, ವರಲಕ್ಷ್ಮಮ್ಮ ರೆಂಬೆಗಳನ್ನು ಅಲ್ಲೇ ಬಿಟ್ಟು ಹೋದಳು.

ಮುನಿಲಕ್ಷ್ಮಿ ಬದುವಿನ ಪಕ್ಕಕ್ಕೆ ಹೋಗಿ ಪಪ್ಪಾಯಿ ಬಣ್ಣದ ದಾಸವಾಳದ ರೆಂಬೆಯನ್ನು ಬಗ್ಗಿಸಿ, ಎಲೆಯ ಅಡಿಭಾಗ ತಿರುಗಿಸಿದಳು. ಮೊಗ್ಗಿನ ತೊಟ್ಟಿನ ಸಂದಿಯಲ್ಲಿ ಅದೇ ಬಿಳಿ ಹಿಟ್ಟು. ಎರಡನೆಯ ಗಿಡದಲ್ಲೂ ಇತ್ತು. ಮೂರನೆಯದರಲ್ಲಿ ಇನ್ನೂ ಹೆಚ್ಚು. ಇರುವೆಗಳು ಕಾಂಡದ ಮೇಲೆ ಸಾಲಾಗಿ ಏರಿ ಇಳಿಯುತ್ತಿದ್ದವು. ದಿನವೂ ಹೂವನ್ನು ನೋಡಿದ್ದಳು. ಎಲೆಯನ್ನು ತಿರುಗಿಸಿ ನೋಡುವ ಕೆಲಸ ಮುಗಿಯಿತೆಂದುಕೊಂಡಿದ್ದಳು.

ಮಾರನೆಯ ದಿನ ಮುನಿಶಾಮಪ್ಪ ರೇಷ್ಮೆ ಇಲಾಖೆಯವರೊಬ್ಬರನ್ನು ಕರೆತಂದ. ಅವರು ಎರಡೂ ಕಡೆ ಓಡಾಡಿ ನೋಡಿ, "ದಾಸವಾಳ ಇದಕ್ಕೆ ಇಷ್ಟದ ಗಿಡ. ಆ ಕಡೆಯಿಂದ ಈ ಕಡೆ ಬಂತೋ, ಈ ಕಡೆಯಿಂದ ಆ ಕಡೆ ಹೋಯ್ತೋ, ಹೇಳೋಕಾಗಲ್ಲ" ಅಂದರು. ಮುದುಡಿದ ತುದಿಗಳನ್ನೆಲ್ಲ ಕತ್ತರಿಸಿ ಸುಡಬೇಕು. ದಾಸವಾಳಕ್ಕೆ ಔಷಧಿ ಹೊಡೆಯುವಂತಿಲ್ಲ, ಗಾಳಿಗೆ ಸೊಪ್ಪಿನ ಮೇಲೆ ಬಿದ್ದರೆ ಹುಳವೇ ಸಾಯುತ್ತದೆ. "ಹತ್ತಿರದಲ್ಲಿ ದಾಸವಾಳ ಇಡಬೇಡಿ ಅಂತ ನಾವು ಹೇಳ್ತಾನೇ ಇರ್ತೀವಲ್ಲಮ್ಮ" ಅಂದರು ಕೊನೆಗೆ.

ಹೇಳಿದ್ದರು. ಮುನಿಲಕ್ಷ್ಮಿಗೆ ಅದು ಈಗ ನೆನಪಾಯಿತು. ಸೊಪ್ಪಿನ ತೋಟ ಇದ್ದಾಗ ಎಲ್ಲವೂ ನೆನಪಿರುತ್ತಿತ್ತು. ತೋಟ ಹೋದ ದಿನ ಆ ನೆನಪುಗಳನ್ನೂ ಜೆಸಿಬಿಗೆ ಕೊಟ್ಟು ಕಳಿಸಿದ್ದೇನೆಂದು ಅವಳು ತಿಳಿದಿದ್ದಳು.

ಆ ಸಂಜೆ ಅವಳು ಗುದ್ದಲಿ ತೆಗೆದುಕೊಂಡು ಹೋದದ್ದನ್ನು ಯಾಮಿನಿ ನೋಡಿದಳು. "ಅತ್ತಮ್ಮ, ಎಲ್ಲಾನೂ ಯಾಕೆ? ಇವೆರಡಕ್ಕೆ ಅಷ್ಟು ಹತ್ತಿಲ್ಲ. ಸೋಪಿನ ನೀರಲ್ಲಿ ತೊಳೆದು ನೋಡಣ."

"ತೊಳೆದ್ರೆ ದಿನಾ ತೊಳೀಬೇಕು" ಅಂದಳು ಮುನಿಲಕ್ಷ್ಮಿ. "ದಿನಾ ಎಲೆ ತಿರುಗಿಸಿ ನೋಡ್ಬೇಕು. ನನ್ ಕೈಲಿ ಆಗಲ್ಲಮ್ಮ."

ಐದನ್ನೂ ಅವಳೇ ಕಿತ್ತಳು. ಕೆನೆಬಣ್ಣದ್ದರಲ್ಲಿ ಆ ದಿನದ ಹೂ ಇನ್ನೂ ಅರ್ಧ ತೆರೆದಿತ್ತು. ಗಿಡಗಳನ್ನು ಗೋಣಿಚೀಲಕ್ಕೆ ತುಂಬಿ, ಊರಾಚೆಯ ಬಂಡೆಯ ಬಳಿ ಆಂಜನಪ್ಪನ ಕೈಯಲ್ಲಿ ಸುಡಿಸಿದಳು. ಅವನು ವಾಪಸು ಬಂದು ಕೈಕಾಲು ತೊಳೆದು, "ಒಂದ್ ಗಿಡ ಇಟ್ಕೊಂಡಿದ್ರೆ ಏನಾಗ್ತಿತ್ತು" ಅಂದ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಅವಳು ಕತ್ತರಿ ಹಿಡಿದು ಬದು ದಾಟಿ ವರಲಕ್ಷ್ಮಮ್ಮನ ತೋಟಕ್ಕೆ ಇಳಿದಳು. ಯಾರೂ ಕರೆದಿರಲಿಲ್ಲ. ವರಲಕ್ಷ್ಮಮ್ಮ ಹುಳಕ್ಕೆ ಸೊಪ್ಪು ಹಾಕುವುದರಲ್ಲೇ ಮುಳುಗಿದ್ದಳು, ತುದಿ ಕತ್ತರಿಸಲು ಆ ಮನೆಯಲ್ಲಿ ಕೈ ಸಾಲದು. ಮುನಿಲಕ್ಷ್ಮಿ ಒಂದೊಂದೇ ಸಾಲು ಹಿಡಿದು ಮುದುಡಿದ ತುದಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕುತ್ತಾ ಹೋದಳು. ಬಾಗುವುದು, ಹಿಡಿಯುವುದು, ಕತ್ತರಿಸುವುದು. ಕೈ ಒಂದನ್ನೂ ಮರೆತಿರಲಿಲ್ಲ. ಇನ್ನೊಂದು ತುದಿಯಿಂದ ಮುನಿಶಾಮಪ್ಪ ಬಂದು ಸೇರಿಕೊಂಡ. "ಅತ್ತಿಗೆ, ನೀವ್ಯಾಕೆ" ಅಂದ. "ಬಯಲಲ್ಲಿ ಏನೂ ಆಗಲ್ಲಪ್ಪ, ಒಳಗೆ ಬರಲ್ಲ ನಾನು" ಅಂದಳು. ಹುಳದ ಮನೆಯ ಬಾಗಿಲಲ್ಲಿ ವರಲಕ್ಷ್ಮಮ್ಮ ಒಂದು ಸಲ ಕಾಣಿಸಿಕೊಂಡು, ಇವಳನ್ನು ನೋಡಿ, ಒಳಗೆ ಹೋದಳು.

ಕೆಲಸ ಮುಗಿಯುವ ತನಕ ದಿನವೂ ಹೋದಳು. ಕೊನೆಯ ದಿನ ಸುಡುವ ತುದಿಗಳ ಹೊಗೆ ಗಾಳಿಗೆ ತಿರುಗಿ ಮುಖಕ್ಕೆ ಬಡಿಯಿತು. ಮನೆಗೆ ಬಂದು ನೀರು ಕುಡಿಯುವಷ್ಟರಲ್ಲಿ ಎದೆ ಬಿಗಿಯಿತು. ಯಾಮಿನಿ ಇನ್‌ಹೇಲರ್ ಹಿಡಿದು ಬೆನ್ನು ನೀವಿದಳು. ಆಂಜನಪ್ಪ ಕಾರು ತೆಗೆದ. ಆಸ್ಪತ್ರೆಯಿಂದ ಬಂದ ಮೇಲೂ ಅವಳಿಗೆ ಏಳಲು ಮನಸ್ಸಾಗಲಿಲ್ಲ. ದಮ್ಮು ಇಳಿದಿತ್ತು, ಸುಸ್ತು ಇಳಿಯಲಿಲ್ಲ. ಅದು ಎಷ್ಟೋ ವರ್ಷಗಳ ಹಳೆಯ ಸುಸ್ತು. ಈಗ ಒಟ್ಟಿಗೇ ಬಂದು ಮಂಚದ ಮೇಲೆ ಅವಳ ಪಕ್ಕ ಮಲಗಿದಂತಿತ್ತು. ಮಗ ಜಗನ್ ಚಿಂತಾಮಣಿಯ ತನ್ನ ಅಂಗಡಿಯನ್ನು ಬೇಗ ಮುಚ್ಚಿ ಬಂದು ಅವಳ ಕಾಲು ಒತ್ತುತ್ತಾ, "ಯಾಕಮ್ಮ ನಿಂಗೆ ಈ ತೋಟ ಗೀಟ" ಅಂದ. ಅವಳು ಕಣ್ಣು ಮುಚ್ಚಿಕೊಂಡೇ, "ಹಂಗಲ್ಲಪ್ಪ" ಅಂದಳು.

ಆ ಬೇಸಿಗೆ ತೋಟವನ್ನು ನೋಡಿಕೊಂಡವನು ಆಂಜನಪ್ಪ. ನೋಡಿಕೊಂಡನೆಂದರೆ, ನೆನಪಾದಾಗ ಗೇಟ್‌ವಾಲ್ವ್ ತಿರುಗಿಸುತ್ತಿದ್ದ. ಬೋರ್‌ವೆಲ್ ನೀರು ಜೋಳಕ್ಕೇ ಸಾಲುತ್ತಿರಲಿಲ್ಲ. ಅವನ ಆಸೆಯ ಲಾನ್ ಮೊದಲು ಒಣಗಿ ಚಾಪೆಯಾಯಿತು. ಯಾಮಿನಿಯ ಗುಲಾಬಿಯಲ್ಲಿ ಒಂದು ಹೋಯಿತು, ಇನ್ನೊಂದು ಮುಳ್ಳುಕಡ್ಡಿಯಾಗಿ ನಿಂತಿತು. ಪ್ಲಂಬಾಗೊ ಬಾಡಿತು, ಸಾಯಲಿಲ್ಲ. ಕಕ್ಕೆಯ ಸಸಿ ಎಲೆಯೆಲ್ಲ ಉದುರಿಸಿ ಕೋಲಾಯಿತು. ಉಗುರಿನಿಂದ ಕೆರೆದರೆ ಒಳಗೆ ಹಸಿರಿತ್ತು. ರತ್ನಗಂಧಿ ಮಾತ್ರ ಬಿಸಿಲಿಗೆ ಹಟ ಹಿಡಿದವಳಂತೆ ಕೆಂಪು ಹಳದಿ ಹೂ ಬಿಡುತ್ತಲೇ ಇತ್ತು.

"ನಿನ್ ಹುಲ್ಲೈತಲ್ಲ, ಅದಕ್ಕೆ ನೀರೇ ಬೇಡ ಕಣೇ" ಎಂದು ಆಂಜನಪ್ಪ ಒಂದು ದಿನ ಮಂಚದ ಬಳಿ ಬಂದು ಹೇಳಿದ. "ಮೇಲೆ ಒಣಗ್ದಂಗೆ ಕಾಣುತ್ತೆ. ನಿನ್ನೆ ಬುಡ ನೋಡ್ದೆ, ಗಟ್ಟಿಯಾಗೈತೆ. ಕುರಿ ಬಂದಿದ್ವು, ಓಡಿಸ್ದೆ."

"ಬುಡದವರೆಗೂ ಕತ್ತರಿಸ್ಬಿಡು. ಅವನು ಹೇಳಿದ್ನಲ್ಲ, ಕಳವಾರದೋನು."

"ಸತ್ತೋದ್ರೆ?"

"ಹೋಗ್ಲಿ."

ಅವನು ಕುಡುಗೋಲಿನಿಂದ ಅಷ್ಟನ್ನೂ ಮೊಣಕಾಲಿಗಿಂತ ಕೆಳಕ್ಕೆ ಕತ್ತರಿಸಿದ. ಕತ್ತರಿಸಿದ ಕೆಂಪು ಹುಲ್ಲನ್ನು ಎಮ್ಮೆಯ ಮುಂದೆ ಹಾಕಿದ, ಎಮ್ಮೆ ತಿಂದಿತು. ಅದನ್ನು ಹೆಂಡತಿಗೆ ಹೇಳಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಮುನಿಲಕ್ಷ್ಮಿ ಎದ್ದು ಅಂಗಳಕ್ಕೆ ಬಂದಳು. ಕೋಲು ಹಿಡಿಯದೆ ನಡೆದಳು, ಆದರೆ ನಿಧಾನವಾಗಿ. ಕತ್ತರಿಸಿದ ಬುಡಗಳಿಂದ ಹುಲ್ಲು ಮತ್ತೆ ಎದ್ದಿತ್ತು, ಎಳೆಯ ಕೆಂಪು. ಬದುವಿನ ಪಕ್ಕದಲ್ಲಿ ಐದು ಗುಂಡಿಗಳ ಗುರುತು ಹಾಗೇ ಇತ್ತು. ಯಾಮಿನಿ ಮೊಬೈಲಿನಲ್ಲಿ ಏನೇನೋ ಹುಡುಕಿ ಇಟ್ಟಿದ್ದಳು. ಹಿಟ್ಟು ತಿಗಣೆ ಅಷ್ಟಾಗಿ ಹತ್ತದ ಪೊದೆಗಳ ಹೆಸರುಗಳಂತೆ. "ಅತ್ತಮ್ಮ, ಭಾನುವಾರ ಕಳವಾರಕ್ಕೆ ಹೋಗಿ ಬರಣ. ಅಲ್ಲಿ ಏನಾದ್ರೂ ಹಾಕ್ಲೇಬೇಕು, ಬೋಳಾಗಿ ಕಾಣುತ್ತೆ."

"ಇರ್ಲಿ ಬಿಡಮ್ಮ. ಸ್ವಲ್ಪ ದಿನ ಖಾಲಿ ಇರ್ಲಿ."

"ಕಳೆ ಬೆಳ್ಕೊಳ್ಳುತ್ತೆ."

"ಬೆಳ್ಕೊಳ್ಳಿ. ಅದನ್ನೂ ನೋಡಣ."

ಮಳೆ ಹದವಾಗಿ ಬಂದ ವಾರದಲ್ಲಿ ವರಲಕ್ಷ್ಮಮ್ಮನ ಮನೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ತುಕ್ರದಿಂದ ಹಿಂದಿನ ಬೆಳೆ ಅರ್ಧಕ್ಕರ್ಧ ಕೈಬಿಟ್ಟಿತ್ತು. ಈ ಸಲ ಪರವಾಗಿಲ್ಲ ಎಂದು ಆಂಜನಪ್ಪನಿಂದ ಗೊತ್ತಾಗಿತ್ತು. ಓರಗಿತ್ತಿಯರಿಬ್ಬರೂ ಆ ಬೆಳಗಿನ ನಂತರ ಸರಿಯಾಗಿ ಮಾತಾಡಿರಲಿಲ್ಲ. ಜಗಳವೂ ಇರಲಿಲ್ಲ. ಎದುರಾದರೆ, "ಊಟ ಆಯ್ತಾ?" "ಆಯ್ತು." ಅಷ್ಟೇ.

ಗೂಡು ಹೋದ ದಿನ ಮಧ್ಯಾಹ್ನ ವರಲಕ್ಷ್ಮಮ್ಮ ಬದು ದಾಟಿ ಬಂದಳು. ತಲೆಗೂದಲಿನಲ್ಲಿ ಒಂದೆಳೆ ರೇಷ್ಮೆ ನೂಲು ಇನ್ನೂ ಅಂಟಿತ್ತು, ಕಣ್ಣಿನ ಕೆಳಗೆ ಕಪ್ಪು. ಚಂದ್ರಿಕೆಗೆ ಹುಳ ಬಿಡುವ ದಿನಗಳಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡುವುದಿಲ್ಲ. ಮುನಿಲಕ್ಷ್ಮಿ ಬೆಂಚಿನ ಮೇಲೆ ಒಂದು ಕಡೆಗೆ ಸರಿದು ಕೂತಳು.

"ಸ್ನಾನ ಮಾಡ್ಕೊಂಡೇ ಬಂದೆ" ಅಂದಳು ವರಲಕ್ಷ್ಮಮ್ಮ. "ಮೈಮೇಲೆ ಧೂಳಿಲ್ಲ. ಕೂತ್ಕೊಬಹುದಾ?"

"ಕೂತ್ಕೊಳ್ಳೇ."

ಗಾಳಿ ಬಂದು ಹುಲ್ಲು ಬಾಗಿತು. ಹೊಸ ತೆನೆಗಳು ಇನ್ನೂ ಚಿಕ್ಕವು, ಬೆಳಕು ಬಿದ್ದಾಗ ಅವುಗಳ ಅಂಚು ಗುಲಾಬಿಯಾಗಿ ಕಾಣುತ್ತಿತ್ತು.

"ಆವತ್ತು ಆ ಮಾತು ಅನ್ಬಾರ್ದಿತ್ತಕ್ಕ ನಾನು."

"ಅಂದಿದ್ದು ಸುಳ್ಳೇನಲ್ವಲ್ಲ."

"ಅಂದ್ರೂ."

ಮುನಿಲಕ್ಷ್ಮಿ ತಲೆಯಾಡಿಸಿದಳು. ವರಲಕ್ಷ್ಮಮ್ಮ ಖಾಲಿ ಗುಂಡಿಗಳ ಕಡೆ ನೋಡಿ, ನಮ್ಮಮ್ಮನ ಮನೆ ಹತ್ತಿರ ಬಿಳಿ ಕಣಗಿಲೆ ಇದೆ, ಕಡ್ಡಿ ತಂದು ಚುಚ್ಚಿದರೆ ಬರುತ್ತದೆ, ಅದಕ್ಕೆ ದನವೂ ಬಾಯಿ ಹಾಕಲ್ಲ ಎಂದು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳ ಮಾತು ನಿಧಾನವಾಯಿತು. ಇಷ್ಟೆತ್ತರ ಬೆಳೆಯುತ್ತೆ ಎಂದು ತೋರಿಸಲು ಎತ್ತಿದ ಕೈ ಮಡಿಲಿಗೆ ಬಿತ್ತು. ಮುನಿಲಕ್ಷ್ಮಿ ತಿರುಗಿ ನೋಡಿದರೆ ಓರಗಿತ್ತಿ ಕಲ್ಲುಬೆಂಚಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಎಬ್ಬಿಸಿ ಒಳಗೆ ಚಾಪೆ ಹಾಕಿಕೊಡೋಣವೆಂದುಕೊಂಡಳು. ಆಮೇಲೆ ಬೇಡವೆನಿಸಿತು. ಎದ್ದರೆ ಇವಳಿಗೆ ಏನಾದರೊಂದು ಕೆಲಸ ನೆನಪಾಗುತ್ತದೆ. ತಾನೂ ಕಾಲು ಚಾಚಿ ಕೂತಳು. ಬಿಸಿಲು ಮೋಡದಾಚೆ ಹೋಯಿತು, ಮತ್ತೆ ಬಂತು.

ಬದುವಿನ ಆಚೆಯಿಂದ ಮುನಿಶಾಮಪ್ಪ ಕೂಗಿದ: "ವರಲಕ್ಷ್ಮೀ! ಎಲ್ಲೋದೆ? ಚಂದ್ರಿಕೆ ತೊಳೀಬೇಕು!"

ಮುನಿಲಕ್ಷ್ಮಿ ಎದ್ದು ಬದುವಿನ ತನಕ ನಡೆದುಹೋಗಿ, ದನಿ ತಗ್ಗಿಸಿ ಹೇಳಿದಳು: "ಇಲ್ಲೇ ಅವ್ಳೆ ಕಣಪ್ಪ. ನಿದ್ದೆ ಮಾಡ್ತಾವ್ಳೆ. ಚಂದ್ರಿಕೆ ಎಲ್ಲೂ ಹೋಗಲ್ಲ, ನಾಳೆ ತೊಳೆದ್ರಾಯ್ತು."

ಮುನಿಶಾಮಪ್ಪ ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡು, ಒಳಗೆ ಹೋದ.